ಜನರಲ್ ತಿಮ್ಮಯ್ಯನವರು ಮತ್ತು ಕಡಲಾಚೆಗೆ ಹೋದ ಅವರ ಪಟಾಲಮು

ಬೆಂಗಳೂರು ದಂಡು ಪ್ರದೇಶದ ಕಥೋಲಿಕ ಕುಟುಂಬಗಳಿಗೆ ರಿಚ್ಮಂಡ್ ರಸ್ತೆ ಅಪರಿಚಿತವಲ್ಲ. ಪವಿತ್ರ ಹೃದಯದ ದೇವಾಲಯ ಅಲ್ಲಿದೆ. ಅದರ ಆಸುಪಾಸಿನ ಶಾಲೆಗಳಲ್ಲಿ ನಮ್ಮ ಎಷ್ಟೋ ಮನೆಗಳ ಮೂರು ತಲೆಮಾರಿನ ಮಕ್ಕಳು ಓದಿದ್ದಾರೆ. ಆ ರಸ್ತೆಗೆ ಇನ್ನೊಂದು ಹೆಸರೂ ಇದೆ: ಜನರಲ್ ತಿಮ್ಮಯ್ಯ ರಸ್ತೆ. ಪಕ್ಕದ ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿದೆ. ಕೊಡಗಿನ ಒಂದೇ ಒಕ್ಕದಲ್ಲಿ, ಕೊಡಂದೇರ ಮನೆತನದಲ್ಲಿ, ಹುಟ್ಟಿದ ಇಬ್ಬರು ಸೇನಾನಿಗಳು ನಮ್ಮ ನಗರದ ಅಕ್ಕಪಕ್ಕದ ರಸ್ತೆಗಳಲ್ಲಿ ಉಳಿದಿದ್ದಾರೆ. ಫಲಕವನ್ನು ಓದುತ್ತೇವೆ, ಮುಂದೆ ಸಾಗುತ್ತೇವೆ. ಆ ಹೆಸರಿನ ಹಿಂದಿನ ಬಾಳನ್ನು ಅರಿತವರು ಈಗ ವಿರಳ.

ನವೆಂಬರ್ ತಿಂಗಳು ನಮಗೆ ಮೃತರ ಸ್ಮರಣೆಯ ಮಾಸ. ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸುತ್ತೇವೆ. ಆದರೆ ಈ ಪ್ರದೇಶದಿಂದ ಹೊರಟು ಹೋಗಿ, ಸಮಾಧಿಯೇ ಇಲ್ಲದಂತೆ ದೂರದ ನೆಲದಲ್ಲಿ ಮಣ್ಣಾದವರೂ ಇದ್ದಾರೆ. ದಂಡು ಹುಟ್ಟಿದ್ದೇ ಸೈನ್ಯಕ್ಕಾಗಿ. 1809ರಲ್ಲಿ ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದ ಪಡೆಗಳ ಬೆನ್ನಿಗೆ ಅಡುಗೆಯವರು, ದರ್ಜಿಗಳು, ಗಾರೆ ಕೆಲಸದವರು, ಕುದುರೆ ನೋಡಿಕೊಳ್ಳುವವರು ಬಂದರು. ಅವರ ಮೊಮ್ಮಕ್ಕಳೇ ಇಂದು ನಮ್ಮ ಅನೇಕ ಧರ್ಮಕೇಂದ್ರಗಳ ವಿಶ್ವಾಸಿಗಳು. ಸಂತ ಪ್ಯಾಟ್ರಿಕ್ಕರ ದೇವಾಲಯ 1840ರ ದಶಕದಲ್ಲಿ ಎದ್ದು ನಿಂತದ್ದು ಐರಿಶ್ ಸಿಪಾಯಿಗಳಿಗಾಗಿ. ಹಲಸೂರು ಕೆರೆಯ ದಂಡೆಯಲ್ಲಿ ಮದ್ರಾಸ್ ಸ್ಯಾಪರ್ಸ್ ದಳ ಇಂದಿಗೂ ಇದೆ. ಆದ್ದರಿಂದ ಒಬ್ಬ ಸೇನಾನಿಯ ಬಾಳನ್ನೂ ಅವರು ನಡೆಸಿದ ಒಂದು ಪಟಾಲಮಿನ ಕಥೆಯನ್ನೂ ಈ ವಾರ ನೆನೆಯುವುದು ಅನುಚಿತವಾಗದೆಂದು ಭಾವಿಸುತ್ತೇವೆ. ತಿಮ್ಮಯ್ಯನವರು ಕ್ರೈಸ್ತರಲ್ಲ. ಆದರೆ ಅವರ ಬಾಳು ಎತ್ತುವ ಪ್ರಶ್ನೆ ಪ್ರತಿಯೊಬ್ಬ ಮನುಷ್ಯನ ಅಂತಃಸಾಕ್ಷಿಗೆ ಸೇರಿದ್ದು.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಜನಿಸಿದ್ದು 1906ರ ಮಾರ್ಚ್ ತಿಂಗಳಲ್ಲಿ, ಮಡಿಕೇರಿಯಲ್ಲಿ, ಕಾಫಿ ಬೆಳೆಗಾರರ ಮನೆಯಲ್ಲಿ. ತಾಯಿ ಸೀತಮ್ಮನವರು ವಿದ್ಯಾವಂತೆ, ಸಮಾಜಸೇವೆಗಾಗಿ ಕೈಸರ್-ಇ-ಹಿಂದ್ ಪದಕ ಪಡೆದವರು. ಆರು ಮಕ್ಕಳ ಆ ಮನೆಯ ಮೂವರು ಗಂಡುಮಕ್ಕಳೂ ಸೇನೆ ಸೇರಿದರು. ಬಾಲಕ ತಿಮ್ಮಯ್ಯನಿಗೆ ಎಂಟು ವರ್ಷವಾದಾಗ ಹೆತ್ತವರು ಅವನನ್ನು ಕೂನೂರಿನ ಸಂತ ಜೋಸೆಫರ ಶಾಲೆಗೆ ಕಳುಹಿಸಿದರು. ಐರ್ಲೆಂಡಿನ ಬ್ರದರುಗಳು ನಡೆಸುತ್ತಿದ್ದ ವಿದ್ಯಾಲಯವದು. ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ. ಮುಂದೆ 1922ರಲ್ಲಿ ಆರಂಭವಾದ ಡೆಹರಾಡೂನಿನ ಸೈನಿಕ ವಿದ್ಯಾಲಯ. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. ವರ್ಷಕ್ಕೆ ಹತ್ತೇ ಸ್ಥಾನಗಳನ್ನು ಭಾರತೀಯರಿಗೆಂದು ಮೀಸಲಿಟ್ಟಿದ್ದ ಕಾಲವದು. 1926ರ ಫೆಬ್ರವರಿಯಲ್ಲಿ ಅವರು ಅಧಿಕಾರಿಯಾಗಿ ಹೊರಬಂದರು. ಮೊದಲು ಸ್ಕಾಟ್ಲೆಂಡಿನ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯೊಡನೆ ಸ್ವಲ್ಪ ಕಾಲವಿದ್ದು, ಬಳಿಕ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಪಟಾಲಮನ್ನು ಸೇರಿದರು.

ಹೆಸರು ಹೈದರಾಬಾದಿನದಾದರೂ ಆ ರೆಜಿಮೆಂಟಿನ ಸಿಪಾಯಿಗಳು ಬಹುಮಟ್ಟಿಗೆ ಕುಮಾವೂನಿನ ಬೆಟ್ಟದವರು, ಅಹೀರರು, ಜಾಟರು. ಕನ್ನಡವನ್ನೋ ಕೊಡವ ಭಾಷೆಯನ್ನೋ ಕೇಳಿಯೇ ಅರಿಯದವರು. ಅಂಥವರ ನಾಯಕನಾಗಲು ಕೊಡಗಿನ ತರುಣ ಅವರ ಮಾತನ್ನು, ಊಟವನ್ನು, ಹಬ್ಬವನ್ನು ಕಲಿಯಬೇಕಾಯಿತು. ಆ 4ನೇ ಪಟಾಲಮಿಗೆ ಇನ್ನೊಂದು ವಿಶೇಷವಿತ್ತು. ಭಾರತೀಯ ಅಧಿಕಾರಿಗಳು ಬ್ರಿಟಿಷ್ ಅಧಿಕಾರಿಗಳ ಮೇಲೆ ಆಜ್ಞೆ ಮಾಡುವ ಪ್ರಸಂಗ ಬಾರದಿರಲೆಂದು 1923ರಲ್ಲಿ ಸರ್ಕಾರ ಕೇವಲ ಎಂಟು ಪಡೆಗಳನ್ನು ಆರಿಸಿ, ಭಾರತೀಯ ಅಧಿಕಾರಿಗಳನ್ನು ಅವುಗಳಿಗೇ ಸೀಮಿತಗೊಳಿಸಿತ್ತು. ಈ ಪಟಾಲಮು ಆ ಎಂಟರಲ್ಲಿ ಒಂದು. ನಮ್ಮ ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಪಯನೀರ್ಸ್ ದಳದ ಒಂದು ಪಟಾಲಮೂ ಆ ಎಂಟರಲ್ಲಿ ಸೇರಿತ್ತು. 1933ರಲ್ಲಿ ಆ ದಳವನ್ನೇ ವಿಸರ್ಜಿಸಲಾಯಿತು. ಭಾರತೀಯರಿಗೆ ಯುದ್ಧರಂಗದಲ್ಲಿ ಪಡೆ ನಡೆಸುವ ಸಾಮರ್ಥ್ಯವಿದೆಯೇ ಎಂಬ ಸಂದೇಹ ಆ ಇಡೀ ವ್ಯವಸ್ಥೆಯ ಬುಡದಲ್ಲಿತ್ತು. ತಿಮ್ಮಯ್ಯನವರ ತಲೆಮಾರು ಹೊತ್ತ ಭಾರ ಇದು: ಒಬ್ಬ ತಪ್ಪಿದರೆ ಇಡೀ ಜನಾಂಗ ತಪ್ಪಿತೆಂಬ ತೀರ್ಪು ಸಿದ್ಧವಾಗಿತ್ತು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಒಳಗಿನದು. ದೇಶದಲ್ಲಿ ಗಾಂಧೀಜಿಯವರ ಚಳವಳಿ ನಡೆದಿತ್ತು. ಸಹಪಾಠಿಗಳೂ ಬಂಧುಗಳೂ ಸೆರೆಮನೆಗೆ ಹೋಗುತ್ತಿದ್ದಾಗ ಬ್ರಿಟಿಷರ ಸಮವಸ್ತ್ರ ತೊಟ್ಟು ನಿಲ್ಲುವುದು ಸರಿಯೇ? ಅಲಹಾಬಾದಿನಲ್ಲಿದ್ದ ದಿನಗಳಲ್ಲಿ ತಿಮ್ಮಯ್ಯನವರೂ ಕೆಲವು ಗೆಳೆಯರೂ ಈ ಸಂಕಟವನ್ನು ಮೋತಿಲಾಲ್ ನೆಹರೂ ಅವರ ಮುಂದಿಟ್ಟರೆಂದು ಅವರ ಜೀವನವೃತ್ತಾಂತ ತಿಳಿಸುತ್ತದೆ. ರಾಜೀನಾಮೆ ಕೊಡುವುದು ಬೇಡ, ಸ್ವತಂತ್ರವಾಗುವ ದೇಶಕ್ಕೆ ತರಬೇತಿ ಪಡೆದ ಸೇನಾಧಿಕಾರಿಗಳು ಬೇಕಾಗುತ್ತಾರೆ ಎಂಬುದು ಆ ಹಿರಿಯರ ಸಲಹೆಯಾಗಿತ್ತು. ತಿಮ್ಮಯ್ಯನವರು ಉಳಿದರು. ಉಳಿಯುವುದು ಹೊರಡುವುದಕ್ಕಿಂತ ಸುಲಭವಾಗಿತ್ತೆಂದು ನಾವು ಭಾವಿಸಲಾಗದು.

1935ರ ಜನವರಿಯಲ್ಲಿ ಅವರಿಗೆ ನೀನಾ ಕಾರ್ಯಪ್ಪನವರೊಡನೆ ವಿವಾಹವಾಯಿತು. ಅದೇ ವರ್ಷ ಮೇ 31ರಂದು ಕ್ವೆಟ್ಟಾ ನಗರವನ್ನು ಭೂಕಂಪ ನೆಲಸಮ ಮಾಡಿತು. ಸತ್ತವರು 30,000ಕ್ಕೂ ಹೆಚ್ಚು. ನವದಂಪತಿಗಳಿಬ್ಬರೂ ಪರಿಹಾರ ಕಾರ್ಯಕ್ಕೆ ಇಳಿದರು. ನೀನಾ ಅವರ ಸೇವೆಗೂ ಅತ್ತೆಯವರಿಗೆ ಬಂದಿದ್ದ ಕೈಸರ್-ಇ-ಹಿಂದ್ ಪದಕವೇ ಬಂದಿತು. ಸೈನಿಕನ ಮನೆಯವರ ಸೇವೆ ಸಾಮಾನ್ಯವಾಗಿ ಬರಹಕ್ಕೆ ಬರುವುದಿಲ್ಲ, ಬಂದದ್ದನ್ನಾದರೂ ನೆನೆಯೋಣ.

ಎರಡನೇ ಮಹಾಯುದ್ಧ ಆರಂಭವಾಗುವ ಮುನ್ನವೇ, 1939ರ ಆಗಸ್ಟಿನಲ್ಲಿ, 4ನೇ ಪಟಾಲಮು ಸಿಂಗಾಪುರಕ್ಕೆ ಹೋಯಿತು. ತಿಮ್ಮಯ್ಯನವರೂ ಅಲ್ಲಿದ್ದರು. ಆದರೆ ಅವರು ವರ್ಗಾವಣೆ ಕೇಳಿ ಭಾರತಕ್ಕೆ ಮರಳಿದರು. ಆಗ್ರಾದ ರೆಜಿಮೆಂಟು ಕೇಂದ್ರದಲ್ಲಿ ಹೊಸ ಪಟಾಲಮೊಂದನ್ನು ಕಟ್ಟುವ ಕಾರ್ಯದಲ್ಲಿ ದ್ವಿತೀಯಾಧಿಕಾರಿಯಾದರು. ಹಿಂದೆ ಉಳಿದ ಪಟಾಲಮಿನ ಗತಿ ದಾರುಣವಾಯಿತು. 1942ರ ಜನವರಿ 7ರಂದು ಮಲಯದ ಸ್ಲಿಮ್ ನದಿಯ ಬಳಿ ಜಪಾನೀ ಟ್ಯಾಂಕುಗಳು ಆ ಬ್ರಿಗೇಡನ್ನು ಸೀಳಿಹಾಕಿದವು. ಫೆಬ್ರವರಿ 15ರಂದು ಸಿಂಗಾಪುರವೇ ಶರಣಾಯಿತು. ಸೆರೆಸಿಕ್ಕವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಕಾಲಾಳು ಪಟಾಲಮೂ ಇತ್ತು. ತಿಮ್ಮಯ್ಯನವರ ಅಣ್ಣ ಪೊನ್ನಪ್ಪನವರೂ ಇದ್ದರು. ಪೊನ್ನಪ್ಪನವರು ಅಲ್ಲಿ ಸುಭಾಷ್‌ಚಂದ್ರ ಬೋಸರ ಹೆಸರಿನೊಡನೆ ಬೆಸೆದುಕೊಂಡ ಆಜಾದ್ ಹಿಂದ್ ಫೌಜನ್ನು ಸೇರಿದರು. ಒಂದೇ ತಾಯಿಯ ಮಕ್ಕಳು, ಒಂದೇ ಸ್ವಾತಂತ್ರ್ಯವನ್ನು ಬಯಸಿದವರು, ಎದುರುಬದುರಿನ ಸಾಲುಗಳಲ್ಲಿ ನಿಂತರು. ಮಡಿಕೇರಿಯ ಆ ಮನೆಯಲ್ಲಿ ಇಬ್ಬರಿಗಾಗಿಯೂ ದೀಪ ಉರಿಯಬೇಕಾಗಿತ್ತು.

ಯುದ್ಧಕಾಲದಲ್ಲಿ ಪಟಾಲಮು ಕಟ್ಟುವುದೆಂದರೆ ಏನೆಂದು ಇಂದಿನ ಓದುಗರಿಗೆ ಸ್ವಲ್ಪ ವಿವರಿಸಬೇಕು. 1939ರಲ್ಲಿ ಸುಮಾರು ಎರಡು ಲಕ್ಷದಷ್ಟಿದ್ದ ಭಾರತೀಯ ಸೇನೆ 1945ರ ಹೊತ್ತಿಗೆ 25 ಲಕ್ಷಕ್ಕೆ ಬೆಳೆಯಿತು. ಬಲವಂತದ ಭರ್ತಿ ಇರಲಿಲ್ಲ. ಬಂದವರೆಲ್ಲ ತಾವಾಗಿ ಬಂದವರು. ಬಂದ ಕಾರಣಗಳು ಮಾತ್ರ ಹಲವು: ಕುಲದ ಸಂಪ್ರದಾಯ, ಸಾಲ, ತಂಗಿಯ ಮದುವೆ, ಎರಡು ಹೊತ್ತಿನ ಊಟ. ಒಂದು ಕಾಲಾಳು ಪಟಾಲಮಿಗೆ ಸುಮಾರು 800 ಮಂದಿ. ಹಳೆಯ ಪಟಾಲಮುಗಳಿಂದ ಕೆಲವೇ ಅನುಭವಿಗಳನ್ನು, ಸುಬೇದಾರರನ್ನು, ಹವಾಲ್ದಾರರನ್ನು ಎರವಲು ತಂದು, ಅವರ ಸುತ್ತ ನೂರಾರು ಹೊಸ ಹುಡುಗರನ್ನು ಸೇರಿಸಬೇಕು. ಮೊದಲು ಕಾಲಿಗೆ ಬೂಟು ಒಗ್ಗಬೇಕು. ಬಳಿಕ ಬಂದೂಕು, ಬಳಿಕ ನಕ್ಷೆ, ವೈರ್‌ಲೆಸ್ಸು, ಮೋರ್ಟಾರ್. ಎಲ್ಲಕ್ಕಿಂತ ಕೊನೆಗೆ ಬರುವುದು ಪಕ್ಕದವನ ಮೇಲಿನ ನಂಬಿಕೆ. ಅದನ್ನು ಯಾವ ಉಗ್ರಾಣವೂ ಒದಗಿಸದು. 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಪಟಾಲಮು ಹೀಗೆ ಯುದ್ಧದ ಅಗತ್ಯದಿಂದ ಹುಟ್ಟಿದ, ಹಳೆಯ ಕೀರ್ತಿಯಾವುದೂ ಇಲ್ಲದ ಒಂದು ಪಡೆ.

ಇಲ್ಲಿ ಬೆಂಗಳೂರು ಮತ್ತೆ ಕಥೆಯೊಳಕ್ಕೆ ಬರುತ್ತದೆ. 1942ರ ಆಗಸ್ಟ್ 1ರಂದು ನಮ್ಮ ಬೆಂಗಳೂರಿನಲ್ಲಿ 25ನೇ ಭಾರತೀಯ ಡಿವಿಷನ್ ರೂಪುಗೊಂಡಿತು. ಮೇಜರ್ ಜನರಲ್ ಡೇವಿಸ್ ಅದರ ಮುಖ್ಯಸ್ಥರು. ಇಸ್ಪೀಟಿನ ಆಸು ಅದರ ಲಾಂಛನ. ಬರ್ಮಾ ಜಪಾನೀಯರ ಪಾಲಾಗಿ, ದಕ್ಷಿಣ ಭಾರತದ ಕರಾವಳಿಗೂ ದಾಳಿಯ ಭೀತಿ ಕವಿದಿದ್ದ ದಿನಗಳವು. ಇಟಲಿಯ ಸೆರೆಯಾಳುಗಳು ಇಲ್ಲಿನ ಶಿಬಿರಗಳಲ್ಲಿದ್ದರು. 1940ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಹಗಲಿರುಳು ದುಡಿಯುತ್ತಿತ್ತು. ಹಲಸೂರಿನ ಸ್ಯಾಪರ್ಸ್ ದಳದ ಕಂಪನಿಗಳು ದೇಶದೇಶಗಳ ರಣರಂಗಗಳಿಗೆ ಹೋದವು. ಆ ದಳದ ಸುಬೇದಾರ್ ಸುಬ್ರಮಣಿಯನ್ನರು 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೊ ಎಂಬಲ್ಲಿ ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಮ್ಮ ದೇಹವನ್ನೇ ಚೆಲ್ಲಿ ಜೊತೆಗಾರರನ್ನು ಉಳಿಸಿದರು. ಮರಣಾನಂತರ ಅವರಿಗೆ ಜಾರ್ಜ್ ಕ್ರಾಸ್ ಪದಕ ಸಂದಿತು. ಪರರಿಗಾಗಿ ಪ್ರಾಣ ತೆರುವ ಪ್ರೀತಿಯ ಬಗ್ಗೆ ಪೀಠದಿಂದ ಬೋಧಿಸುವ ನಾವು ಆ ಸುಬೇದಾರರ ಮುಂದೆ ತಲೆಬಾಗುತ್ತೇವೆ.

ಕ್ವೆಟ್ಟಾದ ಸ್ಟಾಫ್ ಕಾಲೇಜಿನ ಶಿಕ್ಷಣ ಮುಗಿಸಿದ ತಿಮ್ಮಯ್ಯನವರಿಗೆ ಇದೇ 25ನೇ ಡಿವಿಷನ್ನಿನ ಕಚೇರಿಯಲ್ಲಿ ಮಹತ್ವದ ಹುದ್ದೆ ದೊರೆಯಿತು. ಕಾಡಿನ ಯುದ್ಧದ ಅಭ್ಯಾಸ ಮುಗಿಸಿದ ಡಿವಿಷನ್ 1944ರಲ್ಲಿ ಬರ್ಮಾದ ಅರಕಾನ್ ರಂಗಕ್ಕಿಳಿಯಿತು. ಆ ವರ್ಷವೇ ತಿಮ್ಮಯ್ಯನವರಿಗೆ 8ನೇ ಪಟಾಲಮಿನ ನಾಯಕತ್ವ ಬಂದಿತು. ಪಟಾಲಮು ಸೇರಿದ್ದು 51ನೇ ಬ್ರಿಗೇಡಿಗೆ. ಅದರ ಮೂರು ಪಟಾಲಮುಗಳ ಮುಖ್ಯಸ್ಥರೂ ಭಾರತೀಯರೇ: ಬಲೂಚ್ ರೆಜಿಮೆಂಟಿನ 16ನೇ ಪಟಾಲಮಿಗೆ ಎಲ್. ಪಿ. ಸೇನ್, 2ನೇ ಪಂಜಾಬಿನ 2ನೇ ಪಟಾಲಮಿಗೆ ಎಸ್. ಪಿ. ಪಿ. ಥೋರಟ್, ಹೈದರಾಬಾದಿನ 8ನೇ ಪಟಾಲಮಿಗೆ ತಿಮ್ಮಯ್ಯ. ಒಬ್ಬ ಬಂಗಾಳಿ, ಒಬ್ಬ ಮರಾಠ, ಒಬ್ಬ ಕೊಡವ. ಬ್ರಿಗೇಡಿಯರ್ ಹಟನ್ನರು ಮಾತ್ರ ಬ್ರಿಟಿಷರು. ಹಳೆಯ ಸಂದೇಹಕ್ಕೆ ಉತ್ತರ ಕೊಡುವ ಹೊಣೆ ಈ ಮೂವರ ಹೆಗಲೇರಿತು.

ಅರಕಾನ್ ಕರಾವಳಿ ನಮ್ಮ ಕರಾವಳಿಯಂತಲ್ಲ. ಉಪ್ಪುನೀರಿನ ಹಿನ್ನೀರು ನೂರಾರು ಕವಲುಗಳಾಗಿ ಕಾಂಡ್ಲಾ ಕಾಡುಗಳ ನಡುವೆ ಹರಿದಿದೆ. ಭರತಕ್ಕೆ ದೋಣಿ ಸಾಗುವ ಜಾಗ ಇಳಿತಕ್ಕೆ ಸೊಂಟಮಟ್ಟದ ಕೆಸರು. ಜಪಾನೀ ಸೇನೆ ಹಿಂದೆ ಸರಿಯಲು ಇದ್ದ ಹೆದ್ದಾರಿ ಕಾಂಗಾವ್ ಎಂಬ ಹಳ್ಳಿಯ ಬಳಿ ಹಾದುಹೋಗುತ್ತಿತ್ತು. ಆ ದಾರಿಯನ್ನು ಕಡಿಯಲೆಂದು 1945ರ ಜನವರಿ 22ರಂದು ಬ್ರಿಟಿಷ್ ಕಮಾಂಡೋಗಳು ನೀರಿನ ಕವಲುಗಳ ಮೂಲಕ ಬಂದಿಳಿದರು. ಬೆನ್ನಿಗೆ 51ನೇ ಬ್ರಿಗೇಡ್ ಬಂದಿತು. ರಸ್ತೆಯನ್ನು ಕಾಯುವ ಗುಡ್ಡಗಳ ಮೇಲೆ ಜಪಾನೀಯರು ಆಳವಾದ ಕಂದಕಗಳಲ್ಲಿ ಬೇರೂರಿದ್ದರು. ಗುಡ್ಡಗಳಿಗೆ ನಕ್ಷೆಯಲ್ಲಿ ಇಟ್ಟ ಹೆಸರುಗಳಂತೂ ವಿಚಿತ್ರ: ಬ್ರೈಟನ್, ಮೆಲ್ರೋಸ್. ಎಲ್ಲಿಯದೋ ಪಟ್ಟಣಗಳ ಹೆಸರು ಹೊತ್ತ ಗುಡ್ಡಗಳಿಗಾಗಿ ಅಲ್ಮೋರದ, ರೇವಾಡಿಯ, ರೋಹತಕಿನ ಕಡೆಯ ಹುಡುಗರು ತೆವಳಿಕೊಂಡು ಏರಬೇಕಾಯಿತು.

ಫಿರಂಗಿ ಗುಂಡುಗಳ ಸುರಿಮಳೆ ಆ ಇಡೀ ಅರಕಾನ್ ಯುದ್ಧದಲ್ಲೇ ಅತ್ಯುಗ್ರವಾಗಿತ್ತು. ಮೂರು ಪಟಾಲಮುಗಳೂ ಸರದಿಯಂತೆ ಗುಡ್ಡಗಳನ್ನು ಏರಿದವು, ಜನರನ್ನು ಕಳೆದುಕೊಂಡವು, ಮತ್ತೆ ಏರಿದವು. ಒಂದು ಪಟಾಲಮು ತೆತ್ತ ಬೆಲೆಯ ಮೇಲೆ ಇನ್ನೊಂದು ಮುಂದುವರಿಯಿತು. ಕೊನೆಯ ಹೆಜ್ಜೆಗಳು ಬಯೊನೆಟ್ಟಿನ ಹೆಜ್ಜೆಗಳಾಗಿದ್ದವು. ಜನವರಿ 31ರಂದು ಜಪಾನೀಯರು 170ನೇ ಗುಡ್ಡವನ್ನು ಮರಳಿ ಪಡೆಯಲು ಸರ್ವಬಲದಿಂದ ಎರಗಿದರು. ದಿನವಿಡೀ ಕೈಕೈ ಮಿಲಾಯಿಸಿದ ಕಾದಾಟದ ಬಳಿಕವೂ ಗುಡ್ಡ ಕೈತಪ್ಪಲಿಲ್ಲ. ಫೆಬ್ರವರಿಯಲ್ಲಿ ಶತ್ರು ಚದುರಿ ಕಾಡು ಸೇರಿದನು. ಸೇನ್, ಥೋರಟ್, ತಿಮ್ಮಯ್ಯ ಮೂವರಿಗೂ ಡಿಎಸ್‌ಒ ಗೌರವ ಬಂದಿತು. ಭಾರತೀಯನಿಗೆ ಪಡೆ ನಡೆಸಲು ಬರುತ್ತದೆಯೇ ಎಂದು ಇನ್ನು ಯಾರೂ ಕೇಳುವಂತಿರಲಿಲ್ಲ. ಅನಂತರ ತಿಮ್ಮಯ್ಯನವರು 36ನೇ ಬ್ರಿಗೇಡಿನ ಮುಖ್ಯಸ್ಥರಾದರು; ಆ ಯುದ್ಧದಲ್ಲಿ ರಣರಂಗದಲ್ಲಿ ಕಾಲಾಳು ಬ್ರಿಗೇಡನ್ನು ನಡೆಸಿದ ಭಾರತೀಯರು ಅವರೊಬ್ಬರೇ.

ಪದಕಗಳು ನಾಯಕರ ಎದೆಗೆ ಬಂದವು. ಪಟಾಲಮಿನ ಸಾಮಾನ್ಯ ಸಿಪಾಯಿಗಳ ಪಾಲಿಗೆ ಬಂದದ್ದೇನು? ಆ ಮಹಾಯುದ್ಧದಲ್ಲಿ ಮಡಿದ ಭಾರತೀಯ ಸೈನಿಕರು ಸುಮಾರು 87,000. ರಂಗೂನಿನ ಹೊರವಲಯದ ತೌಕ್ಯಾನ್ ಸ್ಮಶಾನದಲ್ಲಿರುವ ಸ್ಮಾರಕದ ಕಂಬಗಳ ಮೇಲೆ, ಸಮಾಧಿಯ ಗುರುತೇ ಇಲ್ಲದ ಸುಮಾರು 27,000 ಮಂದಿಯ ಹೆಸರುಗಳನ್ನು ಕೊರೆಯಲಾಗಿದೆ. ಅವರ ಮನೆಯವರಲ್ಲಿ ಎಷ್ಟು ಮಂದಿ ಆ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿರಬಹುದು? ಕಡಲಾಚೆಯಿಂದ ಬಂದ ತಂತಿಯೊಂದೇ ಅವರಿಗೆ ಸಮಾಧಿಯ ಕಲ್ಲು.

1945ರ ಸೆಪ್ಟೆಂಬರ್ 12ರಂದು ಸಿಂಗಾಪುರದಲ್ಲಿ ಮೌಂಟ್‌ಬ್ಯಾಟನ್ನರ ಮುಂದೆ ಜಪಾನೀ ಸೇನಾನಿಗಳು ಶರಣಾಗತಿಗೆ ಸಹಿ ಹಾಕಿದಾಗ ಭಾರತದ ಪ್ರತಿನಿಧಿಯಾಗಿ ನಿಂತವರು ತಿಮ್ಮಯ್ಯನವರು. ಅವರ ಹಳೆಯ ಪಟಾಲಮು ಸೆರೆಯಾದ, ಅವರ ಅಣ್ಣ ಬೇರೆ ದಾರಿ ಹಿಡಿದ ಅದೇ ದ್ವೀಪ. ಸಂತ ಥಾಮಸ್ ಅಕ್ವಿನಾಸರು ನ್ಯಾಯಯುದ್ಧಕ್ಕೆ ಮೂರು ನಿಬಂಧನೆಗಳನ್ನು ಹೇಳುತ್ತಾರೆ: ಯುದ್ಧ ಸಾರುವವನಿಗೆ ಅಧಿಕಾರವಿರಬೇಕು, ಕಾರಣ ನ್ಯಾಯವಾಗಿರಬೇಕು, ಉದ್ದೇಶ ಶುದ್ಧವಾಗಿರಬೇಕು. ಗುರುಮಠದ ತರಗತಿಯಲ್ಲಿ ಇದನ್ನು ಓದಿದಾಗ ಎಲ್ಲವೂ ಸ್ಪಷ್ಟವೆನಿಸಿತ್ತು. ಆದರೆ ಅಧಿಕಾರ ಪರಕೀಯರದು, ಎದುರಾಳಿ ಇನ್ನೂ ಕ್ರೂರ, ಉದ್ದೇಶ ತನ್ನ ನೆಲದ ಬಿಡುಗಡೆ ಎಂದಾದಾಗ ಮನುಷ್ಯ ಯಾವ ಸಾಲಿನಲ್ಲಿ ನಿಲ್ಲಬೇಕು? ಅಣ್ಣತಮ್ಮಂದಿರಿಬ್ಬರೂ ತಮ್ಮತಮ್ಮ ಅಂತಃಸಾಕ್ಷಿಗೆ ಕಿವಿಗೊಟ್ಟು ಬೇರೆಬೇರೆ ಉತ್ತರ ಪಡೆದರು. ಅವರಲ್ಲಿ ಒಬ್ಬರನ್ನು ವೀರರೆಂದೂ ಇನ್ನೊಬ್ಬರನ್ನು ದ್ರೋಹಿಯೆಂದೂ ಕರೆಯುವ ಅವಸರ ನಮಗೆ ಬೇಡ. ಅಂತಃಸಾಕ್ಷಿಯನ್ನು ಮಾರಿಕೊಳ್ಳದೆ ತೆತ್ತ ಬೆಲೆಯನ್ನು ದೇವರು ಬಲ್ಲರು.

ಮುಂದಿನ ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು. 1945ರ ಅಕ್ಟೋಬರಿನಲ್ಲಿ ಅವರ ರೆಜಿಮೆಂಟು ಕುಮಾವೂನ್ ಎಂಬ ಹೆಸರು ಪಡೆಯಿತು. 1946ರಲ್ಲಿ ಅವರು ಜಪಾನಿಗೆ ಬ್ರಿಗೇಡೊಂದನ್ನು ಕರೆದೊಯ್ದರು. 1947ರಲ್ಲಿ ವಿಭಜನೆಯ ರಕ್ತಪಾತದ ನಡುವೆ ಪಂಜಾಬಿನಲ್ಲಿ ದುಡಿದರು. 1948ರ ನವೆಂಬರ್ 1ರಂದು, ಸುಮಾರು 11,500 ಅಡಿ ಎತ್ತರದ ಜೊಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಲೇಹ್ ದಾರಿಯನ್ನು ತೆರೆಸಿದ್ದು ಅವರ ನಾಯಕತ್ವ. ಕಾಶ್ಮೀರದ ಆ ಕಾರ್ಯಾಚರಣೆಯ ಕಾಲದಲ್ಲೇ ಕಿರಿಯ ತಮ್ಮ ಸೋಮಯ್ಯನವರು ನೆಲಬಾಂಬಿಗೆ ಬಲಿಯಾದರು. 1957ರ ಮೇ 7ರಿಂದ 1961ರ ಮೇ 7ರವರೆಗೆ ಅವರು ಸೇನೆಯ ಮುಖ್ಯಸ್ಥರು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ಭಿನ್ನಾಭಿಪ್ರಾಯ ಉಂಟಾಗಿ ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ನೆಹರೂ ಅವರ ಮಾತಿಗೆ ಮಣಿದು ಹಿಂದಕ್ಕೆ ಪಡೆದರು. ಅದಕ್ಕಾಗಿ ಅವರನ್ನು ಟೀಕಿಸಿದವರೂ ಇದ್ದರು.

ಆದರೆ ನಮ್ಮ ಓದುಗರು ವಿಶೇಷವಾಗಿ ನೆನಪಿಡಬೇಕಾದುದು ಕೊರಿಯಾದ ಅಧ್ಯಾಯ. 1953ರಲ್ಲಿ ಅಲ್ಲಿ ಕದನವಿರಾಮವಾದಾಗ ಸ್ವದೇಶಕ್ಕೆ ಮರಳಲೊಪ್ಪದ ಸೆರೆಯಾಳುಗಳ ಪ್ರಶ್ನೆ ಉಳಿಯಿತು. ಒಂದು ಪಕ್ಷದ ವಶದಲ್ಲಿದ್ದವರು 22,604. ಇನ್ನೊಂದು ಪಕ್ಷದ ವಶದಲ್ಲಿದ್ದವರು 359. ಇವರ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರು. ಕಾವಲಿಗೆ ಹೋದ ಭಾರತೀಯ ಪಡೆಗೆ ಕಾಂಗಾವಿನ ಜೊತೆಗಾರ ಥೋರಟ್ಟರೇ ಮುಖ್ಯಸ್ಥರು. ಎರಡೂ ಕಡೆಯವರು ಶಂಕಿಸಿದರು, ದೂರಿದರು. ಶಿಬಿರಗಳ ಒಳಗೆ ದೊಂಬಿ, ಬೆದರಿಕೆ. ಬಲಪ್ರಯೋಗದಿಂದ ಸೆರೆಯಾಳುಗಳನ್ನು ವಿಚಾರಣೆಗೆ ಎಳೆತರಬೇಕೆಂಬ ಒತ್ತಾಯ ಬಂದಾಗ ಭಾರತ ಅದಕ್ಕೆ ಒಪ್ಪಲಿಲ್ಲ. ಕೊನೆಗೆ ಯಾವ ಪಕ್ಷಕ್ಕೂ ಹೋಗಲೊಲ್ಲದ 88 ಮಂದಿ 1954ರಲ್ಲಿ ನಮ್ಮ ಪಡೆಯೊಡನೆ ಭಾರತಕ್ಕೆ ಬಂದರು. ಗುಡ್ಡವೊಂದನ್ನು ಗೆಲ್ಲಲು ಬಲವನ್ನು ಹೇಗೆ ಬಳಸಬೇಕೆಂದು ಅರಿತಿದ್ದ ಸೈನಿಕ, ಬಲವನ್ನು ಎಲ್ಲಿ ತಡೆಹಿಡಿಯಬೇಕೆಂಬುದನ್ನೂ ಅರಿತಿದ್ದರು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟದ ವಿದ್ಯೆ.

ನಿವೃತ್ತಿಯ ಬಳಿಕ 1964ರ ಜುಲೈಯಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್ಸಿಗೆ ಕರೆಯಿತು. ಗ್ರೀಕರೂ ತುರ್ಕರೂ ಪರಸ್ಪರ ಕಾದಾಡುತ್ತಿದ್ದ ಆ ದ್ವೀಪ ಸಂತ ಪೌಲರು ಶುಭಸಂದೇಶ ಸಾರುತ್ತ ನಡೆದ ನೆಲ. ಅಲ್ಲಿ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿದ್ದಾಗಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ಅವರು ತೀರಿಕೊಂಡರು. ಸೈಪ್ರಸ್ ಸರ್ಕಾರ 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಪಾರ್ಥಿವ ಶರೀರವನ್ನು ವಿಮಾನದಲ್ಲಿ ಬೆಂಗಳೂರಿಗೆ ತರಲಾಯಿತು. ಬಾಲ್ಯದಲ್ಲಿ ಓದಿದ ಈ ನಗರವೇ ಅವರ ಕೊನೆಯ ನೆಲೆಯಾಯಿತು. ಮಡಿಕೇರಿಯ ಅವರ ಮನೆ ಸನ್ನಿಸೈಡ್ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿದೆ. ಮಕ್ಕಳನ್ನು ಕರೆದುಕೊಂಡು ಕೊಡಗಿಗೆ ಹೋಗುವವರು ಅಲ್ಲಿಗೂ ಹೋಗಿ ಬರಲಿ.

ಶುಭಸಂದೇಶದಲ್ಲಿ ಬರುವ ಶತಾಧಿಪತಿಯನ್ನು ನಾವು ಪ್ರತಿ ಬಲಿಪೂಜೆಯಲ್ಲೂ ನೆನೆಯುತ್ತೇವೆ. ಪ್ರಸಾದ ಸ್ವೀಕರಿಸುವ ಮುನ್ನ ನಾವು ಹೇಳುವ ಪ್ರಾರ್ಥನೆ ಆ ಸೈನಿಕನ ವಿನಯದಿಂದ ಬಂದದ್ದು. ಅವನು ಬೇಡಿದ್ದು ತನಗಾಗಿ ಅಲ್ಲ, ಮನೆಯಲ್ಲಿ ನರಳುತ್ತಿದ್ದ ಸೇವಕನಿಗಾಗಿ. ಅಧಿಕಾರವಿದ್ದವನ ನಿಜವಾದ ಪರೀಕ್ಷೆ ಅಲ್ಲಿದೆ: ತನ್ನ ಆಜ್ಞೆಗೆ ಒಳಪಟ್ಟವರ ನೋವು ಅವನನ್ನು ತಟ್ಟುತ್ತದೆಯೇ? ಮನೆಯ ಹಿರಿಯರಿಗೂ, ಕಚೇರಿಯ ಅಧಿಕಾರಿಗಳಿಗೂ, ಧರ್ಮಕೇಂದ್ರದ ಗುರುಗಳಾದ ನಮಗೂ ಇದೇ ಪರೀಕ್ಷೆ.

ಈ ಬಾರಿ ಮೃತರಿಗಾಗಿ ಬತ್ತಿ ಹಚ್ಚುವಾಗ ಒಂದನ್ನು ಹೆಚ್ಚಾಗಿ ಹಚ್ಚೋಣ. ಅದು ಜನರಲ್ಲರಿಗೆ ಮಾತ್ರವಲ್ಲ. ಕಾಂಗಾವಿನ ಗುಡ್ಡಗಳಲ್ಲಿ ಉಳಿದುಹೋದ ಹೈದರಾಬಾದ್ ಪಟಾಲಮಿನ ಹುಡುಗರಿಗೆ, ಎದುರಿನ ಕಂದಕದಲ್ಲಿ ಸತ್ತ ಜಪಾನೀ ಹುಡುಗರಿಗೆ, ಸಿಂಗಾಪುರದಲ್ಲಿ ಬೇರೆ ದಾರಿ ಹಿಡಿದವರಿಗೆ, ಹಲಸೂರಿನಿಂದ ಹೊರಟು ಮರಳಿ ಬಾರದವರಿಗೆ. ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜನ ಪದಕವೋ, ಮಾಸಿದ ಪಿಂಚಣಿ ಪುಸ್ತಕವೋ ಇದ್ದರೆ ಅದನ್ನು ಹೊರತೆಗೆದು ಮಕ್ಕಳಿಗೆ ತೋರಿಸಿ, ಆ ಹೆಸರನ್ನು ಗಟ್ಟಿಯಾಗಿ ಓದಿಸೋಣ.